ಏಳೇ ಕ್ಯಾಚ್ ಹಿಡಿದವನು ಕೋಚ್ ಆದ ಕಥೆ

ಇವತ್ತಿನ ಕಂತಿನಲ್ಲಿ ಒಬ್ಬ ಕೋಚ್ ಕಥೆ ಹೇಳ್ತೀನಿ. ಕ್ರಿಕೆಟ್ ಕೋಚ್ ಅಲ್ಲ, ಕಬಡ್ಡಿ ಕೋಚೂ ಅಲ್ಲ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ‘ವೈಡ್ ರಿಸೀವರ್ ಕೋಚ್’ ಅಂತ ಒಂದು ಹುದ್ದೆ ಇದೆ. ಟಿವಿ ಕ್ಯಾಮೆರಾ ಅಪರೂಪಕ್ಕೆ ತೋರಿಸೋ, ಅಭಿಮಾನಿಗಳಿಗೆ ಹೆಸರೂ ಸರಿಯಾಗಿ ಗೊತ್ತಿರದ ಹುದ್ದೆ. ಆ ಹುದ್ದೆಯಲ್ಲಿದ್ದ ಒಬ್ಬರು 2008ರ ಅಕ್ಟೋಬರ್ 13ರ ಸೋಮವಾರ ಇದ್ದಕ್ಕಿದ್ದಂತೆ ಇಡೀ ತಂಡದ ಮುಖ್ಯಸ್ಥರಾಗಿಬಿಟ್ಟರು. ಅವರ ಹೆಸರು ಡ್ಯಾಬೊ ಸ್ವಿನಿ. ಅವರು ಆಟಕ್ಕೆ ಒಳಗೆ ಬಂದ ಬಾಗಿಲು ಯಾವುದು, ಆ ಬಾಗಿಲು ಈಗ ಎಷ್ಟು ಕಿರಿದಾಗಿದೆ, ಇದು ನನಗೆ ಈ ಕಥೆಯಲ್ಲಿ ಕಾಡೋ ವಿಷಯ. ಅದು 2025ರಲ್ಲಿ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಆದರೆ ಅಲ್ಲಿಗೆ ಹೋಗೋ ಮೊದಲು ಆಟ ಸ್ವಲ್ಪ ಅರ್ಥ ಆಗಬೇಕು.

ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಅಷ್ಟು ನಿಮಗೆ ಗೊತ್ತಿರುತ್ತೆ. ಎರಡೂ ಕಡೆ 11 ಜನ, ಎರಡೂ ತುದಿ ಚೂಪಾಗಿರೋ ಚೆಂಡು, ಹೆಲ್ಮೆಟ್, ಗುದ್ದಾಟ. ಕ್ವಾರ್ಟರ್‌ಬ್ಯಾಕ್ ಅನ್ನೋನು ಚೆಂಡನ್ನ ಎಸೀತಾನೆ. ದೂರದ ಅಂಚಿನಲ್ಲಿ ನಿಂತಿದ್ದು, ಓಡಿಹೋಗಿ ಅದನ್ನ ಹಿಡಿಯೋನೇ ವೈಡ್ ರಿಸೀವರ್. ಕೇಳೋಕೆ ಸುಲಭ. ಆದರೆ 1983ರ ವಿಶ್ವಕಪ್ ಫೈನಲ್‌ನಲ್ಲಿ ಕಪಿಲ್ ದೇವ್ ಹಿಂದಕ್ಕೆ ಓಡ್ತಾ ವಿವ್ ರಿಚರ್ಡ್ಸ್ ಕ್ಯಾಚ್ ಹಿಡಿದಿದ್ದು ನೋಡಿದ್ದೀರಲ್ಲ? ಅಂಥ ಕ್ಯಾಚನ್ನ, ಮೈಮೇಲೆ ಬೀಳೋಕೆ ಕಾಯ್ತಾ ಒಬ್ಬ ಪಕ್ಕದಲ್ಲೇ ಓಡ್ತಿರುವಾಗ, ಮತ್ತೆ ಮತ್ತೆ ಹಿಡಿಯೋದು ಇವನ ಕೆಲಸ.

ಹಾಗಾದ್ರೆ ಕೋಚ್ ಏನು ಕಲಿಸ್ತಾರೆ? ಮೊದಲನೆಯದು ಓಟದ ದಾರಿ. ಹತ್ತು ಹೆಜ್ಜೆ ನೇರ ಓಡಿ ತಟ್ಟನೆ ಒಳಗೆ ತಿರುಗು, ಅಥವಾ ಹೊರಗೆ ಕತ್ತರಿಸು, ಅಥವಾ ನಿಂತು ವಾಪಸ್ ಬಾ. ಇಂಥ ದಾರಿಗಳಿಗೆ ನಂಬರ್ ಇರುತ್ತೆ, ಮಗ್ಗಿ ಥರ ಬಾಯಿಪಾಠ ಆಗಿರಬೇಕು. ಎರಡನೆಯದು ಕೈ. ಚೆಂಡು ಎದೆಗಿಂತ ಮೇಲೆ ಬಂದ್ರೆ ಎರಡೂ ಹೆಬ್ಬೆರಳು ಸೇರಬೇಕು, ಕೆಳಗೆ ಬಂದ್ರೆ ಎರಡೂ ಕಿರುಬೆರಳು. ಚೆಂಡು ಅಂಗೈಗೆ ತಲುಪೋ ತನಕ ಕಣ್ಣು ಅದರ ಮೇಲೇ ಇರಬೇಕು. ಮೂರನೆಯದು ಯಾರಿಗೂ ಇಷ್ಟ ಇಲ್ಲದ ಕೆಲಸ: ಚೆಂಡು ತನ್ನ ಕಡೆ ಬರದಿದ್ದಾಗ ಎದುರಾಳಿಯನ್ನ ತಡೆದು ಜೊತೆಯವನಿಗೆ ದಾರಿ ಮಾಡಿಕೊಡೋದು. ಈ ಮೂರನೇ ಪಾಠವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಸಣ್ಣ ಇತಿಹಾಸ. ಚೆಂಡನ್ನ ಮುಂದಕ್ಕೆ ಎಸೆಯೋದಕ್ಕೆ ಈ ಆಟದಲ್ಲಿ ಒಪ್ಪಿಗೆ ಸಿಕ್ಕಿದ್ದೇ 1906ರಲ್ಲಿ. ಅದಕ್ಕೂ ಮುಂಚೆ ಬರೀ ತಳ್ಳಾಟ, ನುಗ್ಗಾಟ. ಆ ತಳ್ಳಾಟದಲ್ಲಿ ಹುಡುಗರು ಸಾಯ್ತಿದ್ದರು, ಅದಕ್ಕೇ ನಿಯಮ ಬದಲಾಯಿತು. ಎಸೆದ ಚೆಂಡನ್ನ ಹಿಡಿಯೋದನ್ನ ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದವರಲ್ಲಿ ಮೊದಲ ಸಾಲಿನ ಹೆಸರು ಡಾನ್ ಹಟ್ಸನ್. ಅವನು ಆಡಿದ್ದು ಅಲಬಾಮಾ ಯೂನಿವರ್ಸಿಟಿಗೆ. 1935ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡನ್ನ ಸೋಲಿಸಿದ ತಂಡ ಅದು. ನಮ್ಮ ಕಥೆಯ ಹುಡುಗ ಸೇರಿದ್ದೂ ಅದೇ ಅಲಬಾಮಾ.

ಹುಡುಗ ಹುಟ್ಟಿದ್ದು 1969ರ ನವೆಂಬರ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಇದು ಇಂಗ್ಲೆಂಡಿಂದಲ್ಲ, ಅಲಬಾಮಾ ರಾಜ್ಯದ್ದು. ಅಪ್ಪ ಅಮ್ಮ ಇಟ್ಟ ಹೆಸರು ವಿಲಿಯಂ ಕ್ರಿಸ್ಟೋಫರ್. ಪುಟ್ಟ ಅಣ್ಣನಿಗೆ ‘ದ್ಯಾಟ್ ಬಾಯ್’ ಅನ್ನೋಕೆ ನಾಲಿಗೆ ಹೊರಳದೆ ‘ಡ್ಯಾಬೊ’ ಅಂದ. ಅದೇ ನಿಂತುಬಿಟ್ಟಿತು. ಬೆಳೆದಿದ್ದು ಪಕ್ಕದ ಪೆಲ್ಹ್ಯಾಮ್ ಊರಲ್ಲಿ. ಅಪ್ಪನ ವ್ಯಾಪಾರ ಮುಳುಗಿತು, ಕುಡಿತ ಹೆಚ್ಚಾಯಿತು, ಮನೆ ಕೈಬಿಟ್ಟಿತು. ತಾಯಿ ಚಿಕ್ಕವಯಸ್ಸಿನಲ್ಲಿ ಪೋಲಿಯೊ ಗೆದ್ದು ಬಂದ ಹೆಣ್ಣುಮಗಳು.

1989ರಲ್ಲಿ ಡ್ಯಾಬೊ ಅಲಬಾಮಾ ಕಾಲೇಜಿಗೆ ಸೇರಿದ. ಆ ತಂಡಕ್ಕೆ ಅವನನ್ನ ಯಾರೂ ಕರೆದಿರಲಿಲ್ಲ. ಅಲ್ಲಿ ಒಳ್ಳೆ ಆಟಗಾರರನ್ನ ಹೈಸ್ಕೂಲಲ್ಲೇ ಹುಡುಕಿ, ಮನೆಗೆ ಹೋಗಿ, ಸ್ಕಾಲರ್‌ಶಿಪ್ ಕೊಟ್ಟು ಕರೆತರ್ತಾರೆ. ಫೀಸು, ಊಟ, ರೂಮು ಎಲ್ಲ ಕಾಲೇಜಿನದೇ. ಹಾಗೆ ಕರೆಸಿಕೊಳ್ಳದೆ, ಸ್ವಂತ ಖರ್ಚಲ್ಲಿ ಓದ್ತಾ, ‘ನಾನೂ ಆಡ್ತೀನಿ ಸಾರ್’ ಅಂತ ತಾನಾಗೇ ಮೈದಾನಕ್ಕೆ ಬರೋನಿಗೆ ‘ವಾಕ್-ಆನ್’ ಅಂತಾರೆ. ಡ್ಯಾಬೊ ಅಂಥ ವಾಕ್-ಆನ್. ರಜೆಯಲ್ಲಿ ಮನೆಗಳ ಸೂರಿನ ದೋಣಿ ಕ್ಲೀನ್ ಮಾಡಿ ದುಡ್ಡು ಸೇರಿಸ್ತಿದ್ದ. ತಾಯಿಗೆ ಇರೋಕೆ ಬೇರೆ ಜಾಗ ಇಲ್ಲದಾಗ ಆಕೆ ಮಗನ ಕಾಲೇಜ್ ಅಪಾರ್ಟ್‌ಮೆಂಟಿಗೇ ಬಂದರು. ಮಗ, ತಾಯಿ, ಒಬ್ಬ ರೂಮ್‌ಮೇಟ್. ತಾಯಿ ಮಗ ಒಂದೇ ಕೋಣೆ ಹಂಚಿಕೊಂಡಿದ್ದರು. ಆಕೆ ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ನ ಬಟ್ಟೆ ಅಂಗಡಿಯ ಕೆಲಸಕ್ಕೆ ದಿನಾ ಓಡಾಡ್ತಿದ್ದರು. ಸ್ವಿನಿ ಈ ವಿಷಯವನ್ನ ಯಾವತ್ತೂ ಮುಚ್ಚಿಟ್ಟಿಲ್ಲ, ವೇದಿಕೆ ಸಿಕ್ಕಲ್ಲೆಲ್ಲ ಹೇಳ್ತಾರೆ.

ಆಟದಲ್ಲಿ ಏನು ಮಾಡಿದ? ಮುಂದೆ ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡ, ಸರಿ. ಆದರೆ ಇಡೀ ಕಾಲೇಜ್ ಜೀವನದಲ್ಲಿ ಹಿಡಿದ ಕ್ಯಾಚು 7. ದೂರ 81 ಯಾರ್ಡ್. ಅಷ್ಟೇ. ಅಲಬಾಮಾ ಆಗ ಓಡೋ ಆಟ, ರಕ್ಷಣೆಯ ಆಟ ನಂಬಿದ್ದ ತಂಡ, ಚೆಂಡು ಎಸೆಯೋದೇ ಕಡಿಮೆ. 1992ರ ಸೀಸನ್‌ನಲ್ಲಿ ಜೀನ್ ಸ್ಟಾಲಿಂಗ್ಸ್ ಕೋಚಿಂಗ್‌ನಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯ್ತು, ಕೊನೇ ಪಂದ್ಯದಲ್ಲಿ ಮಯಾಮಿಯನ್ನ 34-13ರಿಂದ ಹೊಡೆದು. ಡ್ಯಾಬೊ ಆ ತಂಡದಲ್ಲಿದ್ದ, ಹೀರೊ ಆಗಿ ಅಲ್ಲ.

ಸ್ಟಾಲಿಂಗ್ಸ್ ಕಣ್ಣಿಗೆ ಮಾತ್ರ ಏನೋ ಬಿದ್ದಿತ್ತು. ಪದವಿ ಮುಗಿದ ಮೇಲೆ ‘ಗ್ರ್ಯಾಜುಯೇಟ್ ಅಸಿಸ್ಟೆಂಟ್’ ಆಗಿ ಉಳಿಸಿಕೊಂಡರು. ಕೋಚಿಂಗ್ ಏಣಿಯ ಕಟ್ಟಕಡೆಯ ಮೆಟ್ಟಿಲು ಅದು. ವಿಡಿಯೊ ಕತ್ತರಿಸು, ಕಾಗದ ಪತ್ರ ಜೋಡಿಸು, ಹೇಳಿದ್ದು ಮಾಡು. ಅದರ ಜೊತೆಗೇ 1995ರಲ್ಲಿ ಎಂಬಿಎ ಮುಗಿಸಿದರು. (ಇಲ್ಲಿಂದ ಮುಂದೆ ‘ಅವರು’ ಅಂತೀನಿ, ಕೋಚ್ ಆದರಲ್ಲ.) 1996ರಲ್ಲಿ ವೈಡ್ ರಿಸೀವರ್ ಮತ್ತು ಟೈಟ್ ಎಂಡ್ ಆಟಗಾರರ ಕೋಚ್ ಆಗಿ ಪೂರ್ಣ ಕೆಲಸ ಸಿಕ್ಕಿತು.

ಈ ಹುದ್ದೆಯ ಸ್ಥಾನಮಾನ ಹೇಳಬೇಕು. ಮೇಲೆ ಹೆಡ್ ಕೋಚ್. ಕೆಳಗೆ ಇಬ್ಬರು ಕೋಆರ್ಡಿನೇಟರ್, ಒಬ್ಬರು ದಾಳಿಗೆ, ಇನ್ನೊಬ್ಬರು ರಕ್ಷಣೆಗೆ. ಅವರ ಕೆಳಗೆ ಒಂದೊಂದು ಸ್ಥಾನಕ್ಕೆ ಒಬ್ಬೊಬ್ಬ ಕೋಚ್, ಅವರಲ್ಲಿ ರಿಸೀವರ್ ಕೋಚೂ ಒಬ್ಬರು. ಹೆಡ್ ಕೋಚ್ ಹೋದರೆ ಸಾಮಾನ್ಯವಾಗಿ ಇಡೀ ಪರಿವಾರವೇ ಹೋಗುತ್ತೆ, ಸರ್ಕಾರ ಬಿದ್ದಾಗ ಮಂತ್ರಿಗಳ ಆಪ್ತ ಸಿಬ್ಬಂದಿ ಖಾಲಿ ಮಾಡೋ ಹಾಗೆ. 2000ನೇ ಇಸವಿಯಲ್ಲಿ ಅದೇ ಆಯ್ತು. ಸೀಸನ್ ಶುರುವಾಗೋ ಮುಂಚೆ ದೇಶದ ಮೂರನೇ ರ‍್ಯಾಂಕಿನ ತಂಡ ಅಂತ ಹೊಗಳಿಸಿಕೊಂಡ ಅಲಬಾಮಾ 3 ಗೆದ್ದು 8 ಸೋತಿತು. ಹೆಡ್ ಕೋಚ್ ಮೈಕ್ ಡುಬೋಸ್ ಹೋದರು, ಜೊತೆಗೆ ಸ್ವಿನಿಯೂ.

ಆಗ ಸ್ವಿನಿಗೆ 31 ವರ್ಷ. ಕೈಗೆ ಬೇರೆ ಕೋಚಿಂಗ್ ಕೆಲಸ ಬರಲಿಲ್ಲ. ಅಲಬಾಮಾದಲ್ಲಿ ಇವರಿಗೆ ವ್ಯಾಯಾಮ ಮಾಡಿಸ್ತಿದ್ದ ಹಳೆಯ ಕೋಚ್ ಒಬ್ಬರು ರಿಯಲ್ ಎಸ್ಟೇಟ್ ಕಂಪನಿ ನೋಡಿಕೊಳ್ತಿದ್ದರು, ಅವರು ಕರೆದರು. 2001ರಿಂದ 2003ರ ಆರಂಭದ ತನಕ, ಸುಮಾರು ಎರಡು ವರ್ಷ, ಸ್ವಿನಿ ಶಾಪಿಂಗ್ ಸೆಂಟರ್‌ಗಳಲ್ಲಿ ಮಳಿಗೆ ಬಾಡಿಗೆಗೆ ಕೊಡೋ ವ್ಯವಹಾರ ಮಾಡಿದರು. ಶನಿವಾರ ಬಂದ್ರೆ ಇಡೀ ರಾಜ್ಯ ಫುಟ್‌ಬಾಲ್ ಹುಚ್ಚಲ್ಲಿ ಮುಳುಗಿರೋ ಊರಲ್ಲಿ ಹೀಗೆ ಬದುಕೋದು ಹೇಗಿತ್ತೋ!

ನನ್ನ ಅನಿಸಿಕೆ ಕೇಳಿದ್ರೆ, ಇವರ ವೃತ್ತಿಯಲ್ಲಿ ತುಂಬಾ ಲಾಭ ತಂದ ಎರಡು ವರ್ಷ ಇವೇ. ಯಾಕಂದ್ರೆ ಕಾಲೇಜ್ ರಿಸೀವರ್ ಕೋಚ್‌ನ ಅರ್ಧ ಕೆಲಸ ಮೈದಾನದಲ್ಲಿ ಇರಲ್ಲ. ಹದಿನೇಳು ವರ್ಷದ ಹುಡುಗನ ಮನೆ ಸೋಫಾ ಮೇಲೆ ಕೂತು, ಅವನ ಅಮ್ಮನ ಹತ್ರ, ಅಜ್ಜಿ ಹತ್ರ ‘ನಿಮ್ಮ ಹುಡುಗನ್ನ ನನ್ನ ಕೈಗೆ ಕೊಡಿ’ ಅಂತ ಕೇಳೋದು ಅಲ್ಲಿರುತ್ತೆ. ಅದೂ ಒಂದು ರೀತಿ ಖಾಲಿ ಮಳಿಗೆ ತೋರಿಸಿ ‘ಇಲ್ಲಿ ನಿಮ್ಮ ಅಂಗಡಿ ಹೇಗಿರುತ್ತೆ ಊಹಿಸಿಕೊಳ್ಳಿ’ ಅನ್ನೋದೇ.

2003ರಲ್ಲಿ ಫೋನ್ ಬಂತು. ಕ್ಲೆಮ್ಸನ್‌ನ ಹೆಡ್ ಕೋಚ್ ಟಾಮಿ ಬೌಡೆನ್ ಮೊದಲು ಅಲಬಾಮಾದಲ್ಲಿ ಸಹಾಯಕ ಕೋಚ್ ಆಗಿದ್ದವರು, ವಾಕ್-ಆನ್ ಹುಡುಗನ ಪರಿಚಯ ಇತ್ತು. ರಿಸೀವರ್ ಕೋಚ್ ಕೆಲಸಕ್ಕೆ ಕರೆದರು. ಕ್ಲೆಮ್ಸನ್ ಊರಲ್ಲಿ 20 ಸಾವಿರ ಜನರೂ ಇಲ್ಲ, ಸ್ಟೇಡಿಯಂನಲ್ಲಿ 80 ಸಾವಿರ ಜನ ಕೂರ್ತಾರೆ. ಅಂದ್ರೆ ಪಂದ್ಯದ ದಿನ ಊರಿಗಿಂತ ಸ್ಟೇಡಿಯಂ ದೊಡ್ಡದು. ಅಲ್ಲಿ ಅವರು ಹುಡುಗರನ್ನ ಕರೆತರೋ ವಿಷಯದಲ್ಲಿ ಹೆಸರು ಮಾಡಿದರು. ಫ್ಲೋರಿಡಾದ ಲೇಕ್ ಬಟ್ಲರ್ ಅನ್ನೋ ಪುಟ್ಟ ಊರಿನ ಸಿ.ಜೆ. ಸ್ಪಿಲ್ಲರ್ ಮಿಂಚಿನಂಥ ಓಟಗಾರ. ಅವನನ್ನ ಫ್ಲೋರಿಡಾದ ದೊಡ್ಡ ದೊಡ್ಡ ಕಾಲೇಜುಗಳ ಕೈಯಿಂದ ತಪ್ಪಿಸಿ 2006ರಲ್ಲಿ ಕ್ಲೆಮ್ಸನ್‌ಗೆ ಕರೆತಂದಿದ್ದರಲ್ಲಿ ಸ್ವಿನಿ ಪಾತ್ರ ದೊಡ್ಡದು.

ಈಗ ಆ ಸೋಮವಾರಕ್ಕೆ ಬರೋಣ. 2008ರ ಸೀಸನ್‌ಗೆ ಕ್ಲೆಮ್ಸನ್ 9ನೇ ರ‍್ಯಾಂಕಲ್ಲಿ ಕಾಲಿಟ್ಟಿತ್ತು. ಆರು ಪಂದ್ಯ ಮುಗಿಯೋ ಹೊತ್ತಿಗೆ 3 ಗೆಲುವು, 3 ಸೋಲು. ಬೌಡೆನ್ ಸೀಸನ್ ಮಧ್ಯದಲ್ಲೇ ಹುದ್ದೆ ಬಿಟ್ಟರು. ಇಂಥ ಹೊತ್ತಲ್ಲಿ ಯಾರಾದ್ರೂ ಕೋಆರ್ಡಿನೇಟರ್‌ಗೆ ಹಂಗಾಮಿ ಪಟ್ಟ ಕಟ್ಟೋದು ವಾಡಿಕೆ. ಆದರೆ ಕ್ರೀಡಾ ನಿರ್ದೇಶಕ ಟೆರ್ರಿ ಡಾನ್ ಫಿಲಿಪ್ಸ್ ರಿಸೀವರ್ ಕೋಚನ್ನ ಕರೆದರು. ಸ್ವಿನಿ ಆ ತನಕ ಹೆಡ್ ಕೋಚ್ ಬಿಡಿ, ಕೋಆರ್ಡಿನೇಟರ್ ಕೂಡ ಆಗಿರಲಿಲ್ಲ. ಫಿಲಿಪ್ಸ್ ಅಭ್ಯಾಸದ ವೇಳೆ ಬಂದು ಸುಮ್ಮನೆ ನೋಡ್ತಾ ನಿಲ್ಲೋ ಮನುಷ್ಯ. ಬೇರೆ ಸ್ಥಾನದ ಹುಡುಗರೂ ಈ ಕೋಚ್ ಜೊತೆ ಹೇಗಿರ್ತಾರೆ ಅನ್ನೋದನ್ನ ಗಮನಿಸಿದ್ದರು.

ಸ್ವಿನಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ದಾಳಿ ವಿಭಾಗದ ಕೋಆರ್ಡಿನೇಟರನ್ನ ಮನೆಗೆ ಕಳಿಸಿದ್ದು. ನಿನ್ನೆ ತನಕ ತನ್ನ ಮೇಲಧಿಕಾರಿ! ತನ್ನ ಖಾಲಿ ಜಾಗಕ್ಕೆ, ಅಂದ್ರೆ ರಿಸೀವರ್ ಕೋಚ್ ಹುದ್ದೆಗೆ, ಜೆಫ್ ಸ್ಕಾಟ್ ಅನ್ನೋ ಗ್ರ್ಯಾಜುಯೇಟ್ ಅಸಿಸ್ಟೆಂಟನ್ನ ಏರಿಸಿದರು. ಈ ಸ್ಕಾಟ್ ಕೂಡ ಕ್ಲೆಮ್ಸನ್‌ನಲ್ಲಿ ವಾಕ್-ಆನ್ ರಿಸೀವರ್ ಆಗಿದ್ದವರೇ. ಆ ವಾರದ ಶನಿವಾರ ಜಾರ್ಜಿಯಾ ಟೆಕ್ ವಿರುದ್ಧ 21-17ರಿಂದ ಸೋತರು. ಆಮೇಲೆ ಸುಧಾರಿಸಿಕೊಂಡು ಆ ಆರು ಪಂದ್ಯಗಳಲ್ಲಿ ನಾಲ್ಕು ಗೆದ್ದರು, ಬದ್ಧವೈರಿ ಸೌತ್ ಕೆರೊಲಿನಾವನ್ನೂ ಸೇರಿಸಿ. ಡಿಸೆಂಬರ್ 1ಕ್ಕೆ ‘ಹಂಗಾಮಿ’ ಪದ ಅಳಿಸಿ ಹೋಯ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು ಅಂದ್ಕೋಬೇಡಿ. 2010ರಲ್ಲಿ 6 ಗೆಲುವು, 7 ಸೋಲು. ಸೌತ್ ಕೆರೊಲಿನಾ ಕೈಯಲ್ಲಿ ಸೋತ ರಾತ್ರಿ ಕೆಲಸ ಹೋಯ್ತು ಅಂತಲೇ ಸ್ವಿನಿ ಅಂದುಕೊಂಡಿದ್ದರು. ಫಿಲಿಪ್ಸ್ ಬಂದು, ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಅಂದರಂತೆ. ಮರುವರ್ಷ ಕ್ಲೆಮ್ಸನ್ 1991ರ ನಂತರ ಮೊದಲ ಸಲ ತನ್ನ ಲೀಗಿನ ಚಾಂಪಿಯನ್ ಆಯ್ತು. ಅದರ ಬೆನ್ನಲ್ಲೇ ಆರೆಂಜ್ ಬೌಲ್‌ನಲ್ಲಿ ವೆಸ್ಟ್ ವರ್ಜೀನಿಯಾ ಕೈಯಲ್ಲಿ 70-33ರ ಅವಮಾನವೂ ಆಯ್ತು ಅನ್ನಿ.

ಹೆಡ್ ಕೋಚ್ ಆದ ಮೇಲೂ ಸ್ವಿನಿ ಮನಸ್ಸಿಂದ ರಿಸೀವರ್ ಕೋಚೇ ಅಂತ ನನಗನಿಸುತ್ತೆ. ಪಟ್ಟಿ ನೋಡಿ: ಡಿಆಂಡ್ರೆ ಹಾಪ್ಕಿನ್ಸ್ 2013ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊದಲ ಸುತ್ತು. ಸ್ಯಾಮಿ ವಾಟ್ಕಿನ್ಸ್ 2014ರಲ್ಲಿ ಇಡೀ ದೇಶಕ್ಕೆ 4ನೆಯವನು. ಮೈಕ್ ವಿಲಿಯಮ್ಸ್ 2017ರಲ್ಲಿ 7ನೆಯವನು. 2020ರಲ್ಲಿ ಟೀ ಹಿಗ್ಗಿನ್ಸ್. ಅದೇ ವರ್ಷ ಸ್ಕಾಟ್ ಬೇರೆ ಕಡೆ ಹೆಡ್ ಕೋಚ್ ಆಗಿ ಹೋದಾಗ ಆ ಕುರ್ಚಿಗೆ ಬಂದವರು ಟೈಲರ್ ಗ್ರಿಶಮ್. ಸ್ವಿನಿ ರಿಸೀವರ್ ಕೋಚ್ ಆಗಿದ್ದ ಕಾಲದಲ್ಲಿ ಅವರ ಕೈಕೆಳಗೇ ಆಡಿದ ಹುಡುಗ.

ಆದರೆ ಈ ದೊಡ್ಡ ಹೆಸರುಗಳನ್ನೆಲ್ಲ ಬದಿಗಿಡಿ. 2017ರ ಜನವರಿ 9, ಫ್ಲೋರಿಡಾದ ಟ್ಯಾಂಪಾ. ರಾಷ್ಟ್ರೀಯ ಫೈನಲ್. ಎದುರಿಗೆ ಯಾರು? ಅಲಬಾಮಾ. ಹಿಂದಿನ ವರ್ಷದ ಫೈನಲ್‌ನಲ್ಲಿ ಇದೇ ಅಲಬಾಮಾ 45-40ರಿಂದ ಸೋಲಿಸಿತ್ತು. ಈಗ ಅಲಬಾಮಾ 31, ಕ್ಲೆಮ್ಸನ್ 28. ಉಳಿದಿದ್ದು ಆರು ಸೆಕೆಂಡ್. ಗೆರೆ ಎರಡು ಯಾರ್ಡ್ ದೂರ. ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್ ಬಲಕ್ಕೆ ಓಡ್ತಾ ಚೆಂಡು ಎಸೆದ. ಹಿಡಿದವನು ಹಂಟರ್ ರೆನ್‌ಫ್ರೊ. ಗಡಿಯಾರದಲ್ಲಿ ಉಳಿದಿದ್ದು ಒಂದು ಸೆಕೆಂಡ್. 35-31.

ಈ ರೆನ್‌ಫ್ರೊ ಯಾರು ಗೊತ್ತಾ? ಮರ್ಟಲ್ ಬೀಚ್ ಕಡೆಯ ಸಣಕಲು ಹುಡುಗ. ಕ್ಲೆಮ್ಸನ್‌ಗೆ ಬಂದಾಗ ತೂಕ ಸುಮಾರು 70 ಕಿಲೊ. ವಾಕ್-ಆನ್! ಸ್ಕಾಲರ್‌ಶಿಪ್ ಸಿಕ್ಕಿದ್ದು ಆಮೇಲೆ, 2015ರಲ್ಲಿ. ಆ ರಾತ್ರಿ ಅವನು ಹಿಡಿದಿದ್ದು 10 ಕ್ಯಾಚ್. ತನ್ನ ಕೋಚ್ ಇಡೀ ಕಾಲೇಜ್ ಜೀವನದಲ್ಲಿ ಹಿಡಿದಿದ್ದಕ್ಕಿಂತ ಮೂರು ಜಾಸ್ತಿ, ಒಂದೇ ಪಂದ್ಯದಲ್ಲಿ, ಕೋಚ್‌ನ ಹಳೇ ಕಾಲೇಜಿನ ಎದುರೇ. ಸಿನಿಮಾದಲ್ಲಿ ಬರೆದಿದ್ರೆ ಅತಿಯಾಯ್ತು ಅಂತಿದ್ವಿ.

ಮೂರನೇ ಪಾಠ ನೆನಪಿದೆಯಾ? ಆ ಕೊನೇ ಎಸೆತದಲ್ಲಿ ಆರ್ಟಾವಿಸ್ ಸ್ಕಾಟ್ ಅನ್ನೋ ಇನ್ನೊಬ್ಬ ರಿಸೀವರ್ ಪಕ್ಕದಿಂದ ನುಗ್ಗಿ ಅಲಬಾಮಾ ಆಟಗಾರರ ದಾರಿಗೆ ಅಡ್ಡ ಬಂದ. ಅದರಿಂದಲೇ ರೆನ್‌ಫ್ರೊ ಒಂಟಿಯಾಗಿ ಸಿಕ್ಕ. ಅದು ನಿಯಮಕ್ಕೆ ವಿರುದ್ಧ ಅಂತ ಅಲಬಾಮಾ ಅಭಿಮಾನಿಗಳು ಆಮೇಲೂ ಜಗಳ ಆಡಿದರು. ಸ್ಕಾಟ್ ಹೆಸರು ಯಾರಿಗೂ ನೆನಪಿಲ್ಲ. ನನಗೆ ಅವನ ಕೆಲಸವೇ ಹೆಚ್ಚು ಇಷ್ಟ.

2018ರ ಸೀಸನ್‌ನಲ್ಲಿ ಮತ್ತೆ ಫೈನಲ್, ಮತ್ತೆ ಅಲಬಾಮಾ, 44-16. ಆ ಸೀಸನ್‌ನಲ್ಲಿ ಆಡಿದ 15ಕ್ಕೆ 15 ಗೆಲುವು. 2019ರ ಏಪ್ರಿಲ್‌ನಲ್ಲಿ ಸ್ವಿನಿ ಜೊತೆ 10 ವರ್ಷದ ಒಪ್ಪಂದ ಆಯ್ತು, 9.3 ಕೋಟಿ ಡಾಲರ್.

ಇಲ್ಲಿಂದ ಕಥೆಗೆ ಕಹಿ ಸೇರುತ್ತೆ. ಅದನ್ನ ಬಿಟ್ಟು ಹೇಳಿದ್ರೆ ಇದು ಬರೀ ಪೋಸ್ಟರ್ ಆಗುತ್ತೆ. 2014ರಲ್ಲೇ ಸ್ವಿನಿ ಹೇಳಿದ್ದರು: ಕಾಲೇಜ್ ಆಟಗಾರರನ್ನ ವೃತ್ತಿಪರರನ್ನಾಗಿ ಮಾಡಿದ್ರೆ ನಾನು ಬೇರೆ ಕೆಲಸ ನೋಡಿಕೊಳ್ತೀನಿ ಅಂತ. ಕಾಲೇಜ್ ಆಟಗಾರರಿಗೆ ಸ್ಕಾಲರ್‌ಶಿಪ್ ಬಿಟ್ಟು ಸಂಬಳ ಅಂತ ಏನೂ ಇರಲಿಲ್ಲ. ಟಿವಿ ಹಕ್ಕಿನ ಕೋಟಿಗಟ್ಟಲೆ ದುಡ್ಡು ಕಾಲೇಜಿಗೆ, ಲೀಗಿಗೆ, ಕೋಚ್‌ಗಳಿಗೆ. ಮೈದಾನದಲ್ಲಿ ಮಂಡಿ ಮುರಿದುಕೊಳ್ಳೋರಲ್ಲಿ ತುಂಬಾ ಜನ ಬಡ ಕುಟುಂಬದ, ಕಪ್ಪು ಸಮುದಾಯದ ಹುಡುಗರು. ಸ್ವಿನಿ ವಾದಕ್ಕೆ ಒಂದು ತರ್ಕ ಇದೆ: ಓದು ಮುಖ್ಯ, ಡಿಗ್ರಿ ಬದುಕು ಬದಲಾಯಿಸುತ್ತೆ. ಅವರ ಸ್ವಂತ ಬದುಕಲ್ಲಿ ಅದು ನಿಜವೂ ಹೌದು. ಆದರೆ ಫೀಸು ಕಟ್ಟೋಕೆ ಸೂರಿನ ದೋಣಿ ತೊಳೆದ ಮನುಷ್ಯ, ತಾಯಿ ಜೊತೆ ಒಂದು ಕೋಣೆ ಹಂಚಿಕೊಂಡ ಮನುಷ್ಯ, ಕೋಟಿಗಳ ಒಪ್ಪಂದಕ್ಕೆ ಸಹಿ ಹಾಕಿ, ಹುಡುಗರಿಗೆ ದುಡ್ಡು ಬಂದ್ರೆ ಹಾಳಾಗ್ತಾರೆ ಅನ್ನೋ ಧಾಟಿಯಲ್ಲಿ ಮಾತಾಡೋದು ನನಗೆ ಗಂಟಲಲ್ಲಿ ಇಳಿಯಲ್ಲ. ತಾನು ಹಸಿದು ದಡ ಸೇರಿದೆ, ನೀವೂ ಸೇರಿ ಅನ್ನೋ ಮಾತು ನಮ್ಮ ಮನೆಗಳಲ್ಲೂ ಹಿರಿಯರ ಬಾಯಲ್ಲಿ ಕೇಳಿರ್ತೀರಿ.

ಕಾಲ ಅವರ ಮಾತು ಕೇಳಲಿಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ ಎನ್‌ಸಿಎಎ ಅನ್ನೋ ಕಾಲೇಜ್ ಕ್ರೀಡಾ ಸಂಸ್ಥೆಯ ವಿರುದ್ಧ 9-0 ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು ಅಂತಾಯ್ತು. ಸ್ವಿನಿ ಕೆಲಸ ಬಿಡಲಿಲ್ಲ. ಬೇರೆ ಕಾಲೇಜಿನ ಆಟಗಾರರನ್ನ ಸೆಳೆದು ತರೋ ಪದ್ಧತಿಯಿಂದ ಮಾತ್ರ ವರ್ಷಗಟ್ಟಲೆ ದೂರ ಉಳಿದರು. ಹಟಮಾರಿ ಅಂತ ಬೈಸಿಕೊಂಡರು, 2024ರಲ್ಲಿ ಒಂಬತ್ತನೇ ಸಲ ಲೀಗ್ ಗೆದ್ದರು, 2025ಕ್ಕೆ ಸ್ವಲ್ಪ ಸಡಿಲ ಮಾಡಿ ಮೂವರನ್ನ ತಂದರು. ಅವರಲ್ಲಿ ಒಬ್ಬ ವೈಡ್ ರಿಸೀವರ್.

2025ರ ಜೂನ್ 6ಕ್ಕೆ ‘ಹೌಸ್’ ಪ್ರಕರಣದ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಬಿತ್ತು. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ಒಂದು ಕಾಲೇಜು ತನ್ನ ಆಟಗಾರರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ತನಕ ನೇರವಾಗಿ ಹಂಚಬಹುದು. ನ್ಯಾಯವಾದ ತೀರ್ಮಾನ ಅಂತ ನಾನು ಹೇಳ್ತೀನಿ. ಆದರೆ ಅದರೊಳಗೆ ಒಂದು ಸಣ್ಣ ಸಾಲು ಇತ್ತು. ಮೊದಲು ಒಂದು ತಂಡದಲ್ಲಿ 85 ಸ್ಕಾಲರ್‌ಶಿಪ್, ಅದರ ಮೇಲೆ ವಾಕ್-ಆನ್‌ಗಳು ಬೇರೆ. ದೊಡ್ಡ ತಂಡಗಳಲ್ಲಿ ಒಟ್ಟು 120 ದಾಟ್ತಿದ್ದಿದ್ದು ಮಾಮೂಲು. ಹೊಸ ನಿಯಮ ಸ್ಕಾಲರ್‌ಶಿಪ್ ಮಿತಿ ತೆಗೆದು, ಇಡೀ ತಂಡಕ್ಕೇ ಮಿತಿ ಹಾಕಿತು: 105. ಒಪ್ಪಿಗೆಗೆ ಕಾಯದೆ ಕಾಲೇಜುಗಳು ಮುಂಚಿತವಾಗೇ ಹುಡುಗರನ್ನ ಕೈಬಿಡೋಕೆ ಶುರುಮಾಡಿದವು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಇದೇ ಕಾರಣಕ್ಕೆ ಒಪ್ಪಂದವನ್ನ ತಡೆಹಿಡಿದು, ಈಗಾಗಲೇ ಜಾಗ ಕಳೆದುಕೊಂಡವರನ್ನ ಮಿತಿಯಿಂದ ಹೊರಗಿಡೋ ಹಾಗೆ ತಿದ್ದಿಸಿದರು. ಅದು ಆಗಲೇ ಒಳಗೆ ಇದ್ದವರಿಗೆ. ಮುಂದೆ ಬರೋ ಹುಡುಗರಿಗೆ ಆ ರಿಯಾಯಿತಿ ಇಲ್ಲ.

ದುಡ್ಡು ಕೊಟ್ಟು ಕರೆತಂದವರಿಗೇ ಜಾಗ ಸಾಲದಿರುವಾಗ, ಯಾರೂ ಕರೆಯದೆ ಬಂದ 70 ಕಿಲೊ ಹುಡುಗನಿಗೆ ಎರಡು ವರ್ಷ ಕಾಯೋ ಅವಕಾಶ ಯಾವ ಕೋಚ್ ಕೊಡ್ತಾರೆ? ಒಬ್ಬ ಕ್ರೀಡಾ ನಿರ್ದೇಶಕ ಅಭ್ಯಾಸ ನೋಡ್ತಾ ನಿಂತಾಗ ಕಣ್ಣಿಗೆ ಬೀಳೋ ಮೊದಲು, ಅಲ್ಲಿ ಇರೋಕಾದ್ರೂ ಬಿಡಬೇಕಲ್ಲ.

ಅಮೆರಿಕದಲ್ಲಿ ‘ಬರ್ಲ್ಸ್‌ವರ್ತ್ ಟ್ರೋಫಿ’ ಅಂತ ಒಂದು ಪ್ರಶಸ್ತಿ ಇದೆ. ಅರ್ಕನ್ಸಾಸ್ ಕಾಲೇಜಿಗೆ ವಾಕ್-ಆನ್ ಆಗಿ ಬಂದು, 1999ರಲ್ಲಿ ಎನ್‌ಎಫ್‌ಎಲ್‌ಗೆ ಆಯ್ಕೆಯಾಗಿ, ಹನ್ನೊಂದೇ ದಿನಕ್ಕೆ ಕಾರ್ ಅಪಘಾತದಲ್ಲಿ ತೀರಿಹೋದ ಬ್ರ್ಯಾಂಡನ್ ಬರ್ಲ್ಸ್‌ವರ್ತ್ ನೆನಪಿಗೆ ಕೊಡೋದು. ವಾಕ್-ಆನ್ ಆಗಿ ಶುರುಮಾಡಿದ ಆಟಗಾರರಿಗೆ ಮಾತ್ರ. 2018ರಲ್ಲಿ ಅದನ್ನ ಗೆದ್ದವನು ಹಂಟರ್ ರೆನ್‌ಫ್ರೊ. ಪ್ರಶಸ್ತಿ ಈಗಲೂ ಪ್ರತಿ ವರ್ಷ ಕೊಡ್ತಾರೆ. ಅದಕ್ಕೆ ಪೈಪೋಟಿ ಮಾಡೋ ಹುಡುಗರು ಈಗ ಆ 105ರ ಒಳಗೆ ಎಲ್ಲೋ ಒಂದು ಜಾಗ ಹುಡುಕಿಕೊಳ್ಳಬೇಕು.

ಮುಂದಿನ ವಾರ ಸಿಗೋಣ.